ಮೊದಲು ಕೈ ಎತ್ತಿದವನು

ಜೋಥಮ್ ಲೆವಿಟ್ ಪೀಪಾಯಿ ಮಾಡುವವನು. ಮೂಸ್ ದ್ವೀಪದಿಂದ ಹೊರಗೆ ಹೋದ ಉಪ್ಪು ಹೆರಿಂಗ್ ಮೀನಿನಲ್ಲಿ ಅರ್ಧಕ್ಕರ್ಧ ಅವನ ಪೀಪಾಯಿಗಳಲ್ಲೇ ಹೋಗಿದೆ ಎಂದು ಆ ದ್ವೀಪದ ಊರಾದ ಈಸ್ಟ್‌ಪೋರ್ಟಿನ ಹಳಬರು ಈಗಲೂ ಒಪ್ಪುತ್ತಾರೆ. ಒಪ್ಪಿದ ಮರುಗಳಿಗೆಯಲ್ಲಿ ಇನ್ನೊಂದು ಮಾತನ್ನೂ ಸೇರಿಸುತ್ತಾರೆ: "ಇಂಗ್ಲೆಂಡಿನ ರಾಜನಿಗೆ ಮೊದಲು ಕೈ ಎತ್ತಿದೋನೂ ಅವನೇ ಅಲ್ವಾ." ಮೊದಲನೆಯ ಮಾತು ನಿಜ. ಎರಡನೆಯದೂ ನಿಜವೇ. ಆದರೆ ಆ ಕೈ ಹೇಗೆ ಎದ್ದಿತು, ಯಾರು ಎತ್ತಿಸಿದರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಜೋಥಮ್ ಹುಟ್ಟಿದ್ದು ಬಾಸ್ಟನ್ನಿನ ಉತ್ತರಕ್ಕಿರುವ ನ್ಯೂಬರಿಯಲ್ಲಿ. ಅವನಿಗೆ ಹದಿಮೂರು ವರ್ಷವಾಗಿದ್ದಾಗ ಅಪ್ಪ ಬಂದೂಕು ಹೆಗಲಿಗೇರಿಸಿಕೊಂಡು ಇಂಗ್ಲಿಷರ ಮೇಲೆ ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಹೋದ. ಬಾಸ್ಟನ್ನಿನ ಹತ್ತಿರದ ಒಂದು ಗುಡ್ಡದ ಮೇಲೆ ಗುಂಡು ತಗುಲಿ ಸತ್ತ. ಹೆಣ ಮನೆಗೆ ಬರಲಿಲ್ಲ, ಕೋಟು ಬಂತು. ತಾಯಿ ಆ ಕೋಟನ್ನು ಒಗೆದು ಹೊಲಿದು ಮಗನಿಗೇ ತೊಡಿಸಿದಳು, ಏಕೆಂದರೆ ಚಳಿಗಾಲ ಹತ್ತಿರವಿತ್ತು. ಯುದ್ಧ ಮುಗಿದ ಎರಡನೇ ವರ್ಷ, ಇಪ್ಪತ್ತಮೂರರ ಜೋಥಮ್ ತನ್ನ ಹತಾರಗಳ ಪೆಟ್ಟಿಗೆ ಹೊತ್ತು ದೇಶದ ಕೊನೆಯ ಅಂಚಿನ ಈ ದ್ವೀಪಕ್ಕೆ ಬಂದ. ಮೀನಿದ್ದ ಕಡೆ ಪೀಪಾಯಿ ಬೇಕೇ ಬೇಕು ಎಂಬುದಷ್ಟೇ ಅವನ ಲೆಕ್ಕ.

ಅವನು ಮದುವೆಯಾದದ್ದು ಎದುರಿನ ಡಿಯರ್ ದ್ವೀಪದ ಇಸೊಬೆಲ್‌ಳನ್ನು. ಅವಳ ಮನೆಯವರು ಸ್ಕಾಟ್‌ಲೆಂಡಿನ ಮೂಲದವರು, ರಾಜನ ಪಕ್ಷದವರು. ಯುದ್ಧ ಮುಗಿದಾಗ ಅಮೆರಿಕಕ್ಕೂ ರಾಜನ ನೆಲಕ್ಕೂ ನಡುವಿನ ಗಡಿ ಪೆನಾಬ್ಸ್ಕಾಟ್ ನದಿಯ ಮೇಲೆ ಬರುತ್ತದೆ ಎಂದು ನಂಬಿ ಅವಳ ಅಪ್ಪ ಆ ನದಿಯ ದಡದಲ್ಲಿ ಮನೆ ಕಟ್ಟಿದ್ದ. ಪ್ಯಾರಿಸ್ಸಿನಲ್ಲಿ ಕೂತ ಎರಡು ದೇಶದ ರಾಯಭಾರಿಗಳು ಗಡಿಯನ್ನು ಇನ್ನಷ್ಟು ಪೂರ್ವಕ್ಕೆ, ಸೇಂಟ್ ಕ್ರಾಯ್ ನದಿಗೆ ತಳ್ಳಿದರು. ಮುದುಕ ಮನೆಯನ್ನು ಹಲಗೆ ಹಲಗೆಯಾಗಿ ಬಿಚ್ಚಿ, ಬಾಗಿಲು ಕಿಟಕಿ ಸಮೇತ ಹಡಗಿಗೆ ತುಂಬಿ, ಈ ಕೊಲ್ಲಿಯ ಡಿಯರ್ ದ್ವೀಪಕ್ಕೆ ತಂದು ಮತ್ತೆ ನಿಲ್ಲಿಸಿದ. ಆಗ ಇಸೊಬೆಲ್‌ಗೆ ಹದಿನಾರು. ಹಲಗೆಗಳ ಮೇಲೆ ಸೀಮೆಸುಣ್ಣದಲ್ಲಿ ಗುರುತು ಬರೆದವಳು ಅವಳೇ. ದಾರಿಯಲ್ಲಿ ಮಳೆ ಬಂದು ಗುರುತೆಲ್ಲ ಅಳಿಸಿಹೋಗಿ, ಅಡಿಗೆಮನೆಯ ಗೋಡೆ ಮಲಗುವ ಕೋಣೆಗೆ ಬಂದು ಕೂತಿತು ಎಂದು ಆಮೇಲೆ ನಗುತ್ತಾ ಹೇಳುತ್ತಿದ್ದಳು. ಆ ನಗುವಿನ ಕೊನೆಯಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು: "ಒಂದು ಸಲ ಮನೆ ಬಿಚ್ಚಿದ್ದು ಸಾಕಪ್ಪ. ಇನ್ನು ನನ್ನನ್ನ ಎಬ್ಬಿಸಬೇಡಿ."

ಒಪ್ಪಂದ ಬರೆದವರು ನದಿಯ ಹೆಸರು ಬರೆದಿದ್ದರು. ಆ ನದಿ ಯಾವುದು ಎಂದು ಅವರಿಗೇ ಗೊತ್ತಿರಲಿಲ್ಲ. ಅದನ್ನು ಹುಡುಕುವುದಕ್ಕೇ ಹದಿನೈದು ವರ್ಷ ಹಿಡಿಯಿತು. ನದಿ ಸಿಕ್ಕಿದರೂ ಅದರ ಬಾಯಿಯಲ್ಲಿದ್ದ ದ್ವೀಪಗಳು ಯಾರವು ಎಂದು ತೀರ್ಮಾನವಾಗಲಿಲ್ಲ. ಮೂಸ್ ದ್ವೀಪದವರು ತಮ್ಮನ್ನು ಅಮೆರಿಕದವರು ಎಂದುಕೊಂಡರು, ಡಿಯರ್ ದ್ವೀಪದವರು ಇಂಗ್ಲಿಷರು ಎಂದುಕೊಂಡರು. ಎರಡು ದಡದವರೂ ಹೆಣ್ಣು ಕೊಟ್ಟು ತಂದುಕೊಂಡು, ಮೀನು ಹಿಟ್ಟು ಅದಲುಬದಲು ಮಾಡಿಕೊಂಡು, ಯಾವ ಬಾವುಟದ ಗೊಡವೆಯೂ ಇಲ್ಲದೆ ಮೂವತ್ತು ವರ್ಷ ಕಳೆದರು. ಎರಡು ಸರ್ಕಾರಗಳು ಜಗಳವಾಡಿ ವ್ಯಾಪಾರ ನಿಲ್ಲಿಸಿದ ವರ್ಷಗಳಲ್ಲಂತೂ ಈಸ್ಟ್‌ಪೋರ್ಟಿನ ಕಡಲತೀರದ ತುಂಬ ಹಿಟ್ಟಿನ ಪೀಪಾಯಿಗಳು ಬೆಟ್ಟದ ಹಾಗೆ ಬಿದ್ದಿರುತ್ತಿದ್ದವು. ಮಂಜು ಕವಿದರೆ ಸಾಕು, ಬೆಳಗಾಗುವುದರೊಳಗೆ ಅವು ಕಾಲು ಬಂದಂತೆ ಎದುರು ದಡಕ್ಕೆ ಹೋಗಿಬಿಡುತ್ತಿದ್ದವು. ಜೋಥಮ್ ಆ ವರ್ಷಗಳಲ್ಲಿ ಕೈಗೆ ಬಿಡುವಿಲ್ಲದೆ ದುಡಿದ. ಊರಸಭೆ ಅವನನ್ನು ಪೀಪಾಯಿ ಪರೀಕ್ಷಕನನ್ನಾಗಿ ಮಾಡಿತ್ತು. ಊರಿನಿಂದ ಹೊರಡುವ ಪ್ರತಿಯೊಂದು ಪೀಪಾಯಿಯನ್ನೂ ತಟ್ಟಿ ನೋಡಿ, ಸೋರದಿದ್ದರೆ ಊರಿನ ಮುದ್ರೆಯನ್ನು ಕಾಯಿಸಿ ಒತ್ತುವ ಕೆಲಸ. ಸಂಬಳ ಹೆಸರಿಗಷ್ಟೆ. ಆದರೆ ಅವನು ಒತ್ತಿದ ಮುದ್ರೆ ನೋಡಿದರೆ ಬಾಸ್ಟನ್ನಿನ ವ್ಯಾಪಾರಿಗಳು ಮತ್ತೆ ತಟ್ಟಿ ನೋಡುತ್ತಿರಲಿಲ್ಲ.

ಸಾವಿರದ ಎಂಟುನೂರ ಹನ್ನೆರಡರಲ್ಲಿ ಮತ್ತೆ ಯುದ್ಧ ಶುರುವಾಯಿತು. ಎರಡು ವರ್ಷ ಅದು ಬೇರೆಲ್ಲೋ ನಡೆಯಿತು. ಹದಿನಾಲ್ಕರ ಜುಲೈ ತಿಂಗಳ ಒಂದು ಮಧ್ಯಾಹ್ನ ಇಂಗ್ಲಿಷರ ಯುದ್ಧನೌಕೆಗಳು ಬಂದರಿನ ಬಾಯಿಗೆ ಬಂದು ನಿಂತವು. ಗುಡ್ಡದ ಮೇಲಿನ ಕೋಟೆಯಲ್ಲಿ ಎಂಬತ್ತು ಮಂದಿಯೂ ಇರಲಿಲ್ಲ. ಒಂದು ಗುಂಡೂ ಹಾರದೆ ಬಾವುಟ ಕೆಳಗಿಳಿಯಿತು. ಎರಡನೇ ದಿನ ಬಂದರಿನ ಕಂಬಕ್ಕೆ ಕಾಗದ ಅಂಟಿಸಿದರು: ಈ ದ್ವೀಪ ಮೊದಲಿನಿಂದಲೂ ರಾಜನದೇ, ಇಲ್ಲಿರುವವರು ಒಂದು ವಾರದೊಳಗೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು, ಮಾಡದವರು ದ್ವೀಪ ಬಿಟ್ಟು ಹೋಗಬೇಕು.

ಅದೇ ದಿನ ಸಂಜೆ ಊರಿನ ಹತ್ತು ಹನ್ನೆರಡು ಮಂದಿ ಗಂಡಸರು ಜೋಥಮ್‌ನ ಪೀಪಾಯಿ ಕೊಟ್ಟಿಗೆಗೆ ಬಂದರು. ಮುಂದೆ ಇದ್ದವನು ಜೀನಸ್ ಹೋಬಾರ್ಟ್. ಬಂದರಿನ ಮೇಲಿನ ದೊಡ್ಡ ಅಂಗಡಿ ಅವನದು. ಊರಸಭೆಯಲ್ಲಿ ಅವನ ಮಾತೇ ಕೊನೆಯ ಮಾತು. ಜೋಥಮ್ ಹಲಗೆ ಹೆರೆಯುತ್ತಾ ಕೂತಿದ್ದ. ಅವನ ಮಗ ಸೈಲಸ್, ಇಪ್ಪತ್ತಮೂರರ ಗಟ್ಟಿಗ, ಮೇಲಿನ ಅಟ್ಟದಲ್ಲಿ ಪೀಪಾಯಿಗೆ ಸುತ್ತುವ ಮರದ ಬಳೆಗಳನ್ನು ಸೀಳುತ್ತಿದ್ದ.

ಹೋಬಾರ್ಟ್ ಒಂದು ಪೀಪಾಯಿ ಮಗುಚಿ ಅದರ ಮೇಲೆ ಕೂತ. "ಜೋಥಮಣ್ಣ, ಏನು ಮಾಡೋದು ಅಂತಿದೀಯ?"

"ನಾಳೆ ಬೆಳಿಗ್ಗೆ ಇದನ್ನ ಮುಗಿಸ್ತೀನಿ. ಆಮೇಲೆ ಇನ್ನೊಂದು."

"ತಮಾಷೆ ಬೇಡ. ಮನೆ, ಅಂಗಡಿ, ದೋಣಿ, ಮೀನು ಹೊಗೆ ಹಾಕೋ ಕೊಟ್ಟಿಗೆ, ಎಲ್ಲಾ ಇಲ್ಲಿದೆ. ಬಿಟ್ಟು ಎಲ್ಲಿಗೆ ಹೋಗೋದು? ಎಲ್ಲರಿಗೂ ಇರೋ ಮನಸ್ಸೇ. ಆದ್ರೆ ಮೊದಲು ಹೋಗಿ ಕೈ ಎತ್ತೋಕೆ ಯಾರಿಗೂ ಧೈರ್ಯ ಇಲ್ಲ. ನಾಳೆ ಊರು ಆಡ್ಕೊಳ್ಳುತ್ತೆ."

"ಅದಕ್ಕೆ?"

"ನೀನು ಎತ್ತು. ನಿಮ್ಮಪ್ಪ ಇಂಗ್ಲಿಷರ ಗುಂಡಿಗೆ ಎದೆ ಕೊಟ್ಟೋನು. ಅಂಥೋನ ಮಗನೇ ಪ್ರಮಾಣ ಮಾಡಿದ ಅಂದ್ರೆ ಆಮೇಲೆ ನಮ್ಮನ್ನ ಯಾರು ಏನನ್ನೋಕಾಗುತ್ತೆ? ನಿನ್ನ ಹಿಂದೇನೇ ನಾವೆಲ್ಲ ಇರ್ತೀವಿ. ನಾನು ಎರಡನೆಯೋನು. ದೇವರಾಣೆ."

ಜೋಥಮ್ ಹೆರೆಯುವ ಕತ್ತಿಯನ್ನು ಕೆಳಗಿಟ್ಟ. "ನಮ್ಮಪ್ಪ ಸತ್ತಿದ್ದು ಇದಕ್ಕೆ ಉಪಯೋಗಕ್ಕೆ ಬರುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ ಅನ್ಸುತ್ತೆ."

ಯಾರೂ ನಗಲಿಲ್ಲ. ಹೋಬಾರ್ಟ್ ಅವನ ಮೊಣಕಾಲ ಮೇಲೆ ಕೈಯಿಟ್ಟು, "ಹೆಂಗಸರು ಮಕ್ಕಳ ಮುಖ ನೋಡು ಜೋಥಮಣ್ಣ" ಎಂದ. ದನಿ ಒಡೆದಿತ್ತು. ಅದು ನಾಟಕವಾಗಿರಲಿಲ್ಲ, ಆ ಸಂಜೆ ಅವನು ನಿಜವಾಗಿಯೂ ಹೆದರಿದ್ದ.

ಮನೆಗೆ ಹೋಗಿ ಹೆಂಡತಿಗೆ ಹೇಳಿದಾಗ ಇಸೊಬೆಲ್ ಜೋಳದ ರೊಟ್ಟಿ ತಿರುವಿಹಾಕುತ್ತಾ, "ರಾಜ ಅಂತೆ, ದೇಶ ಅಂತೆ. ನಾನು ಈ ಒಲೆ ಬಿಟ್ಟು ಏಳಲ್ಲ. ನಿಮಗೆ ತಿಳಿದ ಹಾಗೆ ಮಾಡಿ" ಎಂದಳು. ಮರುದಿನ ಶಾಲೆಯ ಕೋಣೆಯಲ್ಲಿ ಕೆಂಪು ಕೋಟಿನ ಅಧಿಕಾರಿಯ ಮುಂದೆ ಜೋಥಮ್ ಎಡಗೈಯನ್ನು ಬೈಬಲ್ಲಿನ ಮೇಲಿಟ್ಟು ಬಲಗೈ ಎತ್ತಿದ. ಹಿಂದೆ ತಿರುಗಿ ನೋಡಿದರೆ ಹೋಬಾರ್ಟ್ ಎರಡನೆಯವನಾಗಿ ನಿಂತಿರಲಿಲ್ಲ. ಅವನು ಅರವತ್ತನೆಯವನೋ ಎಪ್ಪತ್ತನೆಯವನೋ ಆಗಿ, ಗುಂಪಿನ ನಟ್ಟನಡುವೆ, ಮೂರನೆಯ ದಿನ ಪ್ರಮಾಣ ಮಾಡಿದ.

ಸೈಲಸ್ ಮಾಡಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಅಪ್ಪನ ಮುಂದೆ ಬಂದು ನಿಂತ.

"ತಾತನ ಹೆಸರು ಹೇಳಿ ನಿನ್ನನ್ನ ಕೊಂಡ್ಕೊಂಡ್ರು. ನೀನು ಮಾರಾಟ ಆದೆ."

"ನಿಮ್ಮಮ್ಮ ಎಲ್ಲಿಗೆ ಹೋಗ್ತಾಳೋ?"

"ಅಮ್ಮನ ನೆಪ ಹೇಳಬೇಡ" ಎಂದ ಮಗ, ದೋಣಿ ಬಿಚ್ಚಿಕೊಂಡು ಮೂರು ಮೈಲಿ ನೀರಿನ ಆಚೆ ಲ್ಯೂಬೆಕ್ಕಿಗೆ ಹೋದ. ಅದು ಅಮೆರಿಕದ ನೆಲ. ಅಲ್ಲಿ ಊರ ಪಡೆ ಸೇರಿದ. ಮಂಜಿಲ್ಲದ ದಿನ ಇಸೊಬೆಲ್ ಹಿತ್ತಿಲಲ್ಲಿ ನಿಂತರೆ ಲ್ಯೂಬೆಕ್ಕಿನ ಹೊಗೆ ಕಾಣುತ್ತಿತ್ತು. ಯಾವ ಹೊಗೆ ಮಗ ಇರುವ ಮನೆಯದು ಎಂದು ಅವಳೇ ಒಂದನ್ನು ಗೊತ್ತುಮಾಡಿಕೊಂಡಿದ್ದಳು.

ಮುಂದಿನ ಫೆಬ್ರವರಿಯಲ್ಲಿ ಸುದ್ದಿ ಬಂತು: ಕ್ರಿಸ್ಮಸ್ಸಿನ ಹಿಂದಿನ ದಿನವೇ ಯೂರೋಪಿನ ಗೆಂಟ್ ಎಂಬ ಪಟ್ಟಣದಲ್ಲಿ ರಾಯಭಾರಿಗಳು ಸಂಧಿಗೆ ಸಹಿ ಹಾಕಿದ್ದಾರೆ. ಯುದ್ಧ ಮುಗಿಯಿತು. ಇಸೊಬೆಲ್ ಮಗನ ಹಾಸಿಗೆಯ ಹುಲ್ಲನ್ನು ಬದಲಾಯಿಸಿದಳು. ವಾರದ ಮೇಲೆ ಸಂಧಿಯ ಪೂರ್ತಿ ಪಾಠ ಬಂತು. ಹೋಬಾರ್ಟನ ಅಂಗಡಿಯಲ್ಲಿ ಯಾರೋ ಓದಿ ಹೇಳಿದರು: ಯುದ್ಧದಲ್ಲಿ ಹಿಡಿದ ಜಾಗಗಳನ್ನೆಲ್ಲ ಎರಡು ಕಡೆಯವರೂ ಹಿಂದಕ್ಕೆ ಕೊಡತಕ್ಕದ್ದು, ಈ ಕೊಲ್ಲಿಯ ದ್ವೀಪಗಳನ್ನು ಬಿಟ್ಟು. ಇವು ಯಾರವು ಎಂದು ಎರಡು ದೇಶಗಳೂ ಒಬ್ಬೊಬ್ಬ ಆಯುಕ್ತನನ್ನು ನೇಮಿಸಿ ತೀರ್ಮಾನಿಸುವವರೆಗೆ ಈಗ ಇದ್ದಂತೆಯೇ ಇರತಕ್ಕದ್ದು.

"ನಮ್ಮನ್ನ ಬಿಟ್ಟು ಮಿಕ್ಕೋರಿಗೆಲ್ಲ ಶಾಂತಿ" ಎಂದ ಜೋಥಮ್.

ಅದು ಮೂರೂವರೆ ವರ್ಷ ಹಾಗೆಯೇ ಇತ್ತು. ಲ್ಯೂಬೆಕ್ಕಿನಿಂದ ಹಡಗುಗಳು ಇಂಗ್ಲೆಂಡಿನ ಲಿವರ್‌ಪೂಲಿಗೆ ಹೋಗಿ ಬರುತ್ತಿದ್ದವು. ಸೈಲಸ್ ಮಾತ್ರ ಮೂರು ಮೈಲಿ ದಾಟಿ ಮನೆಗೆ ಬರುವಂತಿರಲಿಲ್ಲ. ಪ್ರಮಾಣ ಮಾಡದೆ ಬಿಟ್ಟುಹೋದವರು ಮತ್ತೆ ಕಾಲಿಡಬೇಕಾದರೆ ಅದೇ ಪ್ರಮಾಣ ಮಾಡಬೇಕು, ಇಲ್ಲವೇ ಪಡೆಯ ಅಧಿಕಾರಿಯಿಂದ ಪರವಾನಗಿ ಪಡೆಯಬೇಕು. ಅಮೆರಿಕದ ಪಡೆಯಲ್ಲಿ ಹೆಸರಿದ್ದವನಿಗೆ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಊರು ಹೊಂದಿಕೊಂಡಿತು. ಹೋಬಾರ್ಟನ ಅಂಗಡಿಯಿಂದಲೇ ಕೋಟೆಗೆ ರಮ್ಮು, ಉಪ್ಪಿನ ಮಾಂಸ, ಬೆಲ್ಲದ ಪಾಕ ಹೋಗುತ್ತಿತ್ತು. ಅಧಿಕಾರಿಗಳು ಅವನ ಮನೆಯಲ್ಲಿ ಊಟಕ್ಕೆ ಕೂರುತ್ತಿದ್ದರು.

ಸಾವಿರದ ಎಂಟುನೂರ ಹದಿನಾರರಲ್ಲಿ ಬೇಸಿಗೆಯೇ ಬರಲಿಲ್ಲ. ಜೂನ್ ತಿಂಗಳಲ್ಲಿ ಹಿಮ ಬಿತ್ತು. ಇಸೊಬೆಲ್‌ಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಏರಿತು. ಜೋಥಮ್ ಕೋಟೆಗೆ ಹೋಗಿ ಮಗನಿಗೆ ಪರವಾನಗಿ ಬೇಡಿದ. ಅಲ್ಲಿದ್ದ ತರುಣ ಅಧಿಕಾರಿ ಕೆಟ್ಟವನೇನಲ್ಲ. ಕುರ್ಚಿ ಕೊಟ್ಟು ಕೂರಿಸಿದ.

"ಮೇಲಿನವರು ಹ್ಯಾಲಿಫ್ಯಾಕ್ಸಿನಲ್ಲಿದ್ದಾರೆ ಮಿಸ್ಟರ್ ಲೆವಿಟ್. ಬರೆದು ಕೇಳ್ತೀನಿ."

"ಕಾಗದ ಹೋಗಿ ಬರೋಷ್ಟರಲ್ಲಿ ಅವಳು ಇರಲ್ಲ ಸ್ವಾಮಿ. ನಿಮ್ಮ ರಾಜನಿಗೆ ಮೊದಲು ಪ್ರಮಾಣ ಮಾಡಿದೋನು ನಾನು. ಅಷ್ಟಕ್ಕೂ ಬೆಲೆ ಇಲ್ವಾ?"

"ಪ್ರಮಾಣ ಮಾಡಿದ್ದು ನೀವು. ನಿಮ್ಮ ಮಗ ಅಲ್ಲ."

ಇಸೊಬೆಲ್ ಐದನೆಯ ದಿನ ಸತ್ತಳು. ಗುಡ್ಡದ ಮೇಲೆ ಹೂಳಿದರು. ಡಿಯರ್ ದ್ವೀಪದಿಂದ ಅವಳ ತಂಗಿ ಗ್ರಿಜೆಲ್ ಗಂಡನೊಡನೆ ಬಂದಿದ್ದಳು. ಗುಂಡಿಗೆ ಮಣ್ಣು ಹಾಕುವಾಗ ಅವಳು ಭಾವನ ತೋಳು ಮುಟ್ಟಿ ಸಮುದ್ರದ ಕಡೆ ತೋರಿಸಿದಳು. ದಡದಿಂದ ಕಲ್ಲೆಸೆತದಷ್ಟು ದೂರದಲ್ಲಿ ಒಂದು ದೋಣಿ. ಅದರಲ್ಲಿ ಒಬ್ಬನೇ, ಟೋಪಿ ತೆಗೆದು ನಿಂತಿದ್ದ. ಇಳಿತದ ಸೆಳೆತಕ್ಕೆ ದೋಣಿ ಪಕ್ಕಕ್ಕೆ ಜಾರುತ್ತಿತ್ತು; ಅವನು ಕೂತು ಹುಟ್ಟು ಹಾಕಿ ಮತ್ತೆ ಅದೇ ಜಾಗಕ್ಕೆ ತಂದು ಮತ್ತೆ ಎದ್ದು ನಿಲ್ಲುತ್ತಿದ್ದ. ದಡದ ಮೇಲೆ ಇಬ್ಬರು ಸಿಪಾಯಿಗಳು ಬಂದೂಕು ಊರಿಕೊಂಡು ಅವನನ್ನೇ ನೋಡುತ್ತಿದ್ದರು. ಪರವಾನಗಿ ಮುಂದಿನ ತಿಂಗಳು ಬಂತು, ಅಂದವಾದ ಅಕ್ಷರದಲ್ಲಿ, ಮೂರು ದಿನಕ್ಕೆ ಮಾತ್ರ ಎಂದು. ಸೈಲಸ್ ಬರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಆ ಇಬ್ಬರು ಆಯುಕ್ತರ ಆಯೋಗ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ ಮೊದಲ ಸಲ ಸೇರಿತು. ಹಳೆಯ ನಿವಾಸಿ ಎಂದು ಜೋಥಮ್‌ನನ್ನೂ ಸಾಕ್ಷಿಗೆ ಕರೆಸಿದರು. ಅವನು ಅಂಗಿ ಒಗೆಸಿಕೊಂಡು ಹೋದ. ಹೇಳಬೇಕಾದ್ದನ್ನೆಲ್ಲ ದೋಣಿಯಲ್ಲಿ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಒಬ್ಬ ಗುಮಾಸ್ತ ಮೇಜಿನ ಮುಂದೆ ಕೂರಿಸಿ ಲೇಖನಿ ಅದ್ದಿದ.

"ನೀವು ಬಂದ ಕಾಲದಲ್ಲಿ ದ್ವೀಪದವರು ತೆರಿಗೆ ಯಾವ ಸರ್ಕಾರಕ್ಕೆ ಕಟ್ಟುತ್ತಿದ್ದರು?"

"ಯಾರು ಮೊದಲು ಬಂದು ಕೇಳಿದ್ರೋ ಅವರಿಗೆ."

"ಹಾಗೆ ಬರೆಯೋಕೆ ಬರಲ್ಲ."

"ಆದ್ರೆ ಹಾಗೇ ಕಟ್ತಿದ್ದಿದ್ದು."

ಗುಮಾಸ್ತ ಏನೋ ಬರೆದುಕೊಂಡ. ಇನ್ನು ಮೂರು ಪ್ರಶ್ನೆ ಕೇಳಿದ. ಒಂದು ಚರ್ಚಿನ ಬಗ್ಗೆ, ಎರಡು ಜಮೀನಿನ ಪತ್ರಗಳ ಬಗ್ಗೆ. ಆಮೇಲೆ ಸಹಿ ಹಾಕಲು ಕಾಗದ ತಿರುಗಿಸಿದ.

"ನನ್ನ ಹೆಂಡತಿ ಸತ್ತಾಗ ಮಗ ದಡ ಹತ್ತೋ ಹಾಗಿರಲಿಲ್ಲ. ಅದನ್ನ ಎಲ್ಲಿ ಬರೀತೀರಿ?" ಎಂದು ಜೋಥಮ್ ಕೇಳಿದ.

"ಅದು ಒಪ್ಪಂದದ ನಾಲ್ಕನೇ ಕಲಮಿಗೆ ಸಂಬಂಧಪಟ್ಟಿದ್ದಲ್ಲ ಯಜಮಾನರೇ."

"ಯಾವ ಕಲಮಿಗೆ ಸಂಬಂಧಪಟ್ಟಿದ್ದು?"

ಗುಮಾಸ್ತ ಕಾಗದವನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದ. ಪಕ್ಕದ ಕೋಣೆಯಿಂದ ಹುರಿದ ಮಾಂಸದ ವಾಸನೆಯೂ ನಗುವೂ ಬರುತ್ತಿದ್ದವು. ಎರಡು ಕಡೆಯ ದೊಡ್ಡವರು ಒಟ್ಟಿಗೆ ಊಟಕ್ಕೆ ಕೂತಿದ್ದರು. "ಮೊದಲ ದಿನದಿಂದ್ಲೂ ಒಳ್ಳೇ ಸ್ನೇಹ" ಎಂದ ಗುಮಾಸ್ತ, ಜೋಥಮ್‌ಗೆ ಸಂತೋಷವಾಗಲಿ ಎಂಬಂತೆ. ಎರಡು ವರ್ಷದಿಂದ ಮಗನ ಮುಖವನ್ನೇ ಹತ್ತಿರದಿಂದ ನೋಡದವನು ಟೋಪಿ ಹಾಕಿಕೊಂಡು ಎದ್ದ.

ಹದಿನೇಳರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ತೀರ್ಪಾಯಿತು. ಮೂಸ್ ದ್ವೀಪ ಮತ್ತು ಅದರ ಪಕ್ಕದ ಎರಡು ಚೂರು ದ್ವೀಪಗಳು ಅಮೆರಿಕಕ್ಕೆ. ಡಿಯರ್ ದ್ವೀಪ ಮತ್ತು ಉಳಿದವು ರಾಜನಿಗೆ. ಅಂದರೆ ಜನ ಮೂವತ್ತು ವರ್ಷ ಯಾರನ್ನೂ ಕೇಳದೆ ಹೇಗೆ ಅಂದುಕೊಂಡಿದ್ದರೋ ಹಾಗೆಯೇ. ಮುಂದಿನ ಜೂನ್ ಮೂವತ್ತಕ್ಕೆ ಕೆಂಪು ಕೋಟಿನವರು ಸಾಲಾಗಿ ನಡೆದು ಹಡಗು ಹತ್ತಿದರು. ಕೋಟೆಯ ಮೇಲೆ ಬಾವುಟ ಬದಲಾಯಿತು. ಹೋಬಾರ್ಟ್ ವೇದಿಕೆ ಹತ್ತಿ, ಪರಕೀಯರ ಆಳ್ವಿಕೆಯಲ್ಲಿ ಊರು ಪಟ್ಟ ಪಾಡನ್ನು ವಿವರಿಸಿದ. ಸೈಲಸ್ ಲ್ಯೂಬೆಕ್ಕಿನ ಪಡೆಯೊಂದಿಗೆ ಬೂಟು ಕುಟ್ಟುತ್ತಾ ಊರಿಗೆ ಬಂದ. ಜನ ಅವನ ಭುಜ ತಟ್ಟಿದರು. ಅವನು ಇಳಿದುಕೊಂಡದ್ದು ಮನೆಯಲ್ಲಲ್ಲ, ಬಂದರಿನ ಬಿಡಾರದಲ್ಲಿ.

ಆದರೆ ಒಂದು ತೊಡಕು ಉಳಿದಿತ್ತು. ಗುಂಡು ಹಾರಿಸದೆ ಸೋತು, ರಾಜನಿಗೆ ಕೈ ಎತ್ತಿ, ನಾಲ್ಕು ವರ್ಷ ಅವನ ಸಿಪಾಯಿಗಳಿಗೆ ರಮ್ಮು ಮಾರಿದ ಊರು ಎಂದು ಹೊರಗಿನವರು ಈಸ್ಟ್‌ಪೋರ್ಟನ್ನು ಹೀಯಾಳಿಸುತ್ತಿದ್ದರು. ಊರಿಗೆ ಆ ಕೊಳೆ ತೊಳೆದುಕೊಳ್ಳಬೇಕಿತ್ತು. ಊರಸಭೆಯ ಮೊದಲ ಕೂಟದಲ್ಲೇ ಒಂದು ಸೂಚನೆ ಬಂತು: ಶತ್ರುವಿಗೆ ನಿಷ್ಠೆ ತೋರುವುದರಲ್ಲಿ ಮುಂದಾಗಿ ನಿಂತು ಉಳಿದವರನ್ನು ದಾರಿ ತಪ್ಪಿಸಿದವರು ಊರಿನ ಯಾವ ಹುದ್ದೆಯಲ್ಲೂ ಇರಬಾರದು. ಸೂಚನೆಯಲ್ಲಿ ಹೆಸರಿರಲಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ, "ಮೊದಲು ಎತ್ತಿದ ಕೈ ಯಾವುದು ಅಂತ ಎಲ್ಲರಿಗೂ ಗೊತ್ತಲ್ಲ" ಎಂದ. ಇನ್ನೊಬ್ಬ, "ಹೆಂಡ್ತಿ ಆ ಕಡೆಯೋಳು. ಇನ್ನೇನಾಗುತ್ತೆ" ಎಂದ.

ಜೋಥಮ್ ಎದ್ದು ನಿಂತ. ಅವನಿಗೆ ಆಗ ಐವತ್ತಾರು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಸತ್ತೋಳ ಸುದ್ದಿ ಬಿಡಿ. ಒಂದೇ ಮಾತು ಕೇಳ್ತೀನಿ. ಪ್ರಮಾಣದ ಹಿಂದಿನ ಸಂಜೆ ನನ್ನ ಕೊಟ್ಟಿಗೆಗೆ ಬಂದೋರು ಯಾರ್ಯಾರು? ಜೀನಸ್, ನೀನು ನನ್ನ ಮೊಣಕಾಲು ಹಿಡ್ಕೊಂಡಿರಲಿಲ್ವಾ?"

ಹೋಬಾರ್ಟ್ ನಿಧಾನವಾಗಿ ಕನ್ನಡಕ ಒರೆಸಿದ. "ಮಿಸ್ಟರ್ ಲೆವಿಟ್ಟರಿಗೆ ವಯಸ್ಸಾಗಿದೆ. ಆ ದಿನಗಳ ಗಾಬರಿಯಲ್ಲಿ ಯಾರು ಯಾರ ಹತ್ರ ಏನು ಮಾತಾಡಿದ್ರು ಅಂತ ಈಗ ಯಾರು ಹೇಳೋಕಾಗುತ್ತೆ? ಬರೆದಿಟ್ಟಿದ್ದಂತೂ ಇಲ್ಲ. ಪ್ರಮಾಣದ ಪಟ್ಟಿ ಮಾತ್ರ ಬರೆದಿಟ್ಟಿದೆ. ಅದರಲ್ಲಿ ಮೊದಲನೇ ಹೆಸರು ಅವರದ್ದು."

ಜೋಥಮ್ ಬೆಂಚುಗಳ ಕಡೆ ನೋಡಿದ. ಆ ಸಂಜೆ ಬಂದಿದ್ದವರಲ್ಲಿ ಎಂಟು ಮಂದಿ ಅಲ್ಲಿದ್ದರು. ಒಬ್ಬನಿಗೆ ಕೆಮ್ಮು ಬಂತು, ಒಬ್ಬ ಬೂಟಿನ ದಾರ ಬಿಗಿದುಕೊಂಡ. ಕಿಟಕಿಯ ಹತ್ತಿರ ಸೈಲಸ್ ಕೂತಿದ್ದ. ಅಟ್ಟದ ಮೇಲಿದ್ದು ಪ್ರತಿಯೊಂದು ಮಾತನ್ನೂ ಕೇಳಿದವನು ಅವನೊಬ್ಬನೇ. ಪ್ರಮಾಣ ಮಾಡದವನಾದ್ದರಿಂದ ಅವನ ಮಾತನ್ನು ತಳ್ಳಿಹಾಕಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಅವನು ಮೊಣಕಾಲ ಮೇಲಿಟ್ಟುಕೊಂಡಿದ್ದ ಟೋಪಿಯನ್ನೇ ತಿರುಗಿಸುತ್ತಿದ್ದ.

ಸೂಚನೆ ಅಂಗೀಕಾರವಾಯಿತು. ಮರುದಿನ ಊರ ಪೊಲೀಸಿನವನು ಬಂದು ಮುದ್ರೆಯ ಕಬ್ಬಿಣವನ್ನು ಕೇಳಿದ. ಜೋಥಮ್ ಅದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಟ್ಟ.

ಅದೇ ಸಂಜೆ ಮಗ ಮನೆಗೆ ಬಂದ. ನಾಲ್ಕು ವರ್ಷದ ಮೇಲೆ ಮೊದಲ ಸಲ ಆ ಹೊಸ್ತಿಲು ದಾಟಿದ್ದ. ನಿಂತೇ ಇದ್ದ.

"ನೀನು ಅಟ್ಟದ ಮೇಲಿದ್ದೆ" ಎಂದ ಜೋಥಮ್.

"ಇದ್ದೆ."

"ಎಲ್ಲಾ ಕೇಳಿಸ್ಕೊಂಡಿದ್ದೆ."

"ಹೌದಪ್ಪ." ಸೈಲಸ್ ಒಲೆಯ ಕಡೆ ನೋಡಿದ. "ಸುಂಕದ ಕಟ್ಟೆಯಲ್ಲಿ ನನಗೆ ಕೆಲಸ ಆಗೋದಿದೆ. ಶಿಫಾರಸು ಹೋಬಾರ್ಟರ ಕೈಲಿದೆ."

ಜೋಥಮ್ ಒಲೆಗೆ ಒಂದು ಕಟ್ಟಿಗೆ ತಳ್ಳಿದ. ಅದು ಮಗನನ್ನು ಕೆಣಕಿತು.

"ನೀನು ಅವತ್ತು ಕೈ ಎತ್ತದೇ ಅಮ್ಮನ್ನ ಕರ್ಕೊಂಡು ನನ್ನ ಜೊತೆ ಬಂದಿದ್ರೆ ನಾನು ಅಮ್ಮನ ಮುಖ ನೋಡ್ತಿದ್ದೆ."

"ನೀನು ಕೈ ಎತ್ತಿದ್ರೂ ನೋಡ್ತಿದ್ದೆ."

ಇಬ್ಬರೂ ಹೇಳಿದ್ದು ಸುಳ್ಳಲ್ಲ. ಸೈಲಸ್ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡು ಹೋದ.

ಮುದ್ರೆ ಹೋದ ಮೇಲೆ ಕೆಲಸವೂ ಹೋಯಿತು. ಹೋಬಾರ್ಟ್ ಬೇರೆ ಊರಿನಿಂದ ಒಬ್ಬ ಪೀಪಾಯಿಯವನನ್ನು ಕರೆಸಿದ. ಜೋಥಮ್‌ನ ಪೀಪಾಯಿ ಸೋರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಅವನ ಕೊಟ್ಟಿಗೆಗೆ ಹೋಗುವುದನ್ನು ಯಾರಾದರೂ ನೋಡಿಯಾರು ಎಂಬ ಅಂಜಿಕೆ. ಮರುವರ್ಷದ ಮೇ ತಿಂಗಳಲ್ಲಿ ಅವನು ಮನೆ ಬೀಗ ಹಾಕಿ, ಹತಾರಗಳ ಪೆಟ್ಟಿಗೆಯನ್ನು ದೋಣಿಗಿಟ್ಟುಕೊಂಡು ಡಿಯರ್ ದ್ವೀಪಕ್ಕೆ, ಗ್ರಿಜೆಲ್ಳ ಮನೆಗೆ ಹೋದ. ಅವಳೂ ಅಷ್ಟರಲ್ಲಿ ವಿಧವೆಯಾಗಿದ್ದಳು. ಮೀನಿನ ಬಲೆ ಇಡುವ ಕೊಟ್ಟಿಗೆಯನ್ನು ಖಾಲಿ ಮಾಡಿಕೊಟ್ಟಳು. ಮಾತು ಖಾರ, ಕೈ ಧಾರಾಳ.

"ಇರಿ ಭಾವ. ಆದ್ರೆ ಅಕ್ಕನ ಹೆಸರು ಹೇಳಿ ಅಳೋ ಹಾಗಿದ್ರೆ ಹೊರಗೆ ಹೋಗಿ ಅಳಿ. ನನಗೆ ನನ್ನದೇ ಸಾಕಷ್ಟಿದೆ."

ಅಲ್ಲಿ ಕೊಟ್ಟಿಗೆಯ ಪಕ್ಕದ ತುಂಡು ನೆಲವನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಜೋಥಮ್ ಅರ್ಜಿ ಹಾಕಿದ. ದ್ವೀಪದ ನ್ಯಾಯಾಧೀಶ ಅರ್ಜಿಯನ್ನು ಓದಿ, "ರಾಜನಿಗೆ ಪ್ರಮಾಣ ಮಾಡಬೇಕಾಗುತ್ತೆ" ಎಂದ.

"ಮಾಡಿದೀನಿ. ಹದಿನಾಲ್ಕರಲ್ಲಿ. ಊರಿಗೇ ಮೊದಲು."

"ಆ ದ್ವೀಪವನ್ನ ವಾಪಸ್ಸು ಕೊಟ್ಟಾಯ್ತಲ್ಲ. ಪ್ರಮಾಣನೂ ಅದರ ಜೊತೆಗೇ ಹೋಯ್ತು. ಹೊಸದಾಗಿ ಮಾಡಿ."

ಜೋಥಮ್ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಗೆ ಬಂದ. ಒಂದು ಪ್ರಮಾಣದಿಂದ ಊರೂ ಮಗನೂ ಹೋಗಿದ್ದವು. ಎರಡನೆಯದಕ್ಕೆ ಕಳೆದುಕೊಳ್ಳಲು ತನ್ನಲ್ಲಿ ಏನಿದೆ ಎಂದು ಗ್ರಿಜೆಲ್ಳಿಗೆ ಹೇಳಿದನಂತೆ. ನೆಲ ಅವನ ಹೆಸರಿಗೆ ಆಗಲೇ ಇಲ್ಲ. ಆ ದ್ವೀಪದವರು ಅವನ ಪೀಪಾಯಿ ಕೊಂಡರು, ಎದುರಿಗೆ ಸಿಕ್ಕಾಗ ತಲೆಯಾಡಿಸಿದರು, ಮದುವೆಗೆ ಮಾತ್ರ ಕರೆಯಲಿಲ್ಲ. ಅವರ ಬಾಯಲ್ಲಿ ಅವನು "ಆ ಅಮೆರಿಕದವನು".

ಸಾವಿರದ ಎಂಟುನೂರ ಇಪ್ಪತ್ತೊಂದರ ಹೆರಿಂಗ್ ಸುಗ್ಗಿಯಲ್ಲಿ ಈಸ್ಟ್‌ಪೋರ್ಟಿನಲ್ಲಿ ಪೀಪಾಯಿಗಳಿಗೆ ಬರ ಬಂತು. ಹಳೆಯ ಪರಿಚಯದ ಮೀನುಗಾರನೊಬ್ಬ ಗುಟ್ಟಾಗಿ ಹೇಳಿ ಕಳುಹಿಸಿದ. ಜೋಥಮ್ ಹದಿನಾರು ಪೀಪಾಯಿಗಳನ್ನು ದೋಣಿಗೆ ಕಟ್ಟಿ ದಾಟಿಸಿಕೊಂಡು ಬಂದ. ಬಂದರಿನಲ್ಲಿ ಸುಂಕದವರು ತಡೆದರು. ಇಬ್ಬರಿದ್ದರು: ಪೋರ್ಟ್‌ಲ್ಯಾಂಡಿನಿಂದ ಹೊಸದಾಗಿ ಬಂದಿದ್ದ ಮೇಲಧಿಕಾರಿ ಒಬ್ಬ, ಪುಸ್ತಕ ಹಿಡಿದ ಇನ್ನೊಬ್ಬ ಸೈಲಸ್. ನೀಲಿ ಕೋಟು, ಹಿತ್ತಾಳೆ ಗುಂಡಿ. ಮೂವತ್ತಕ್ಕೇ ಕಣ್ಣಿನ ಕೆಳಗೆ ಚೀಲ ಬಿದ್ದಿತ್ತು.

"ಕೇಳು, ಬರ್ಕೊ" ಎಂದ ಮೇಲಧಿಕಾರಿ.

ಸೈಲಸ್ ಪುಸ್ತಕದಿಂದ ತಲೆ ಎತ್ತಲಿಲ್ಲ. "ಹೆಸರು?"

ಜೋಥಮ್ ಹೇಳಿದ.

"ಎಲ್ಲಿಂದ ಬಂದಿರಿ?"

"ಡಿಯರ್ ದ್ವೀಪದಿಂದ."

"ಯಾವ ದೇಶದ ಪ್ರಜೆ ನೀವು?"

ಮಗ ಅಪ್ಪನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ಜೋಥಮ್ ಹುಟ್ಟನ್ನು ದೋಣಿಯೊಳಗೆ ಎಳೆದುಕೊಂಡ. "ಅದನ್ನ ವರ್ಷಗಟ್ಟಲೆ ಕೂತು ಊಟ ಮಾಡ್ಕೊಂಡು ತೀರ್ಮಾನ ಮಾಡಿದ್ರಲ್ಲ, ಅವರನ್ನ ಕೇಳಪ್ಪ."

"ಮುದುಕ ಏನಂತಾನೆ?" ಎಂದ ಮೇಲಧಿಕಾರಿ. "ಪ್ರಮಾಣಪತ್ರ ಇದ್ರೆ ತೋರಿಸಲಿ. ಇಲ್ಲದಿದ್ರೆ ಪರದೇಶಿ ಅಂತ ಬರಿ, ಸುಂಕ ಹಾಕು. ನಿನಗೇನು ಅವನ ಪರಿಚಯ ಉಂಟಾ?"

ಸೈಲಸ್ಸನ ಲೇಖನಿ ಒಂದು ಗಳಿಗೆ ನಿಂತಿತು. "ಈ ಬಂದರಿನಲ್ಲಿ ನೋಡಿದೀನಿ" ಎಂದ. ಆಮೇಲೆ ಬರೆದ. ಬರೆದದ್ದನ್ನು ರೂಢಿಯಂತೆ ಗಟ್ಟಿಯಾಗಿ ಓದಿಯೂ ಹೇಳಿದ: "ಜೋಥಮ್ ಲೆವಿಟ್. ಪರದೇಶಿ. ಖಾಲಿ ಪೀಪಾಯಿ ಹದಿನಾರು."

"ಸರಿಯಾಗಿ ಬರೆದಿದೀಯ" ಎಂದ ಜೋಥಮ್. ಸುಂಕ ಕಟ್ಟಲಿಲ್ಲ, ವಾದವನ್ನೂ ಮಾಡಲಿಲ್ಲ. ದೋಣಿಯನ್ನು ತಿರುಗಿಸಿದ. ಪೀಪಾಯಿಗಳಿಗೆ ಕಾದಿದ್ದ ಮೀನುಗಾರ ಹಲಗೆ ಕಟ್ಟೆಯ ತುದಿಯಲ್ಲಿ ನಿಂತು ನೋಡಿ, ತನಗೆ ಏನೂ ಗೊತ್ತಿಲ್ಲದವನಂತೆ ಒಳಕ್ಕೆ ಹೋದ.

ಆ ದಿನದ ಮೇಲೆ ಜೋಥಮ್ ಈಸ್ಟ್‌ಪೋರ್ಟಿಗೆ ಹೋಗಲಿಲ್ಲ, ಹೆಂಡತಿಯ ಗೋರಿ ನೋಡುವುದಕ್ಕೂ. ಇನ್ನೂ ಆರು ವರ್ಷ ಬದುಕಿದ. ಕೊನೆಯ ಎರಡು ವರ್ಷ ಕೈ ನಡುಗಿ ಪೀಪಾಯಿಗೆ ಬಳೆ ಕೂರುತ್ತಿರಲಿಲ್ಲ. ಬಕೆಟ್ಟು, ಬೆಣ್ಣೆ ಕಡೆಯುವ ಪಾತ್ರೆ ಮಾಡುತ್ತಿದ್ದ. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ಕೊಟ್ಟಿಗೆಯಲ್ಲಿ, ಹಲಗೆ ಹೆರೆಯಲು ಕೂರುವ ಮರದ ಪೀಠದ ಮೇಲೆ ಕೂತಲ್ಲೇ ಸತ್ತಿದ್ದ. ಗ್ರಿಜೆಲ್ ಮೀನು ದೋಣಿಯವರ ಕೈಲಿ ಹೇಳಿ ಕಳುಹಿಸಿದಳು. ಸೈಲಸ್ ಬರುವ ಹೊತ್ತಿಗೆ ಮಣ್ಣು ಮಾಡಿ ಎರಡು ದಿನವಾಗಿತ್ತು.

ಅವನು ಕೊಟ್ಟಿಗೆಯೊಳಗೆ ಬಂದು, "ಚಿಕ್ಕಮ್ಮ, ನನ್ನ ಬಗ್ಗೆ ಏನಾದ್ರೂ ಹೇಳಿದ್ನಾ?" ಎಂದು ಕೇಳಿದ.

"ಇಲ್ಲ."

"ಏನೂ ಇಲ್ವಾ?"

"ಸುಳ್ಳು ಹೇಳಿದ್ರೆ ನಿನಗೆ ಸಮಾಧಾನ ಆಗುತ್ತೆ ಅಂತ ಗೊತ್ತು. ಆದ್ರೆ ಆ ಬಂದರಿನ ದಿನದ ಮೇಲೆ ಆರು ವರ್ಷದಲ್ಲಿ ನಿನ್ನ ಹೆಸರು ಅವರ ಬಾಯಲ್ಲಿ ಬರಲಿಲ್ಲ."

ಸೈಲಸ್ ಗೋಡೆಯ ಮೇಲಿನ ಹತಾರಗಳ ಕಡೆ ಕೈ ಮಾಡಿದ. "ಇವನ್ನ ತಗೊಂಡು ಹೋಗ್ಲಾ?"

"ತಗೊಂಡು ಹೋಗು. ನನಗೇನು ಉಪಯೋಗ?" ಗ್ರಿಜೆಲ್ ಅವನ ಕೋಟಿನ ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ನೋಡಿದಳು. "ಆದ್ರೆ ಪರದೇಶಿಯ ಮಾಲು. ಆ ದಡದಲ್ಲಿ ಸುಂಕ ಕಟ್ಟಬೇಕು. ನೀನೇ ಕಟ್ಟಿ, ನೀನೇ ಬರ್ಕೊಬೇಕು."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಮಧ್ಯಾಹ್ನದ ಇಳಿತಕ್ಕೆ ಮುಂಚೆ ದೋಣಿ ಬಿಚ್ಚಿದ. ಏಪ್ರಿಲಿನಲ್ಲಿ ಗ್ರಿಜೆಲ್ ಹತಾರಗಳನ್ನು ಆ ದಾರಿಯಲ್ಲಿ ಬಂದ ಒಬ್ಬ ಐರಿಶ್ ಪೀಪಾಯಿಯವನಿಗೆ ಕೊಟ್ಟಳು. ಕೊಟ್ಟಿಗೆಯಲ್ಲಿ ಮತ್ತೆ ಬಲೆಗಳನ್ನು ತುಂಬಿದಳು.